ಅಟ್ಟದಿಂದ ಇಳಿದ ಹಬ್ಬ

ಹಳೆಯದನ್ನು ಕಲಿಸಿ ಹೊಟ್ಟೆ ಹೊರೆಯುವವನು ನಾನು. ಊರು ಮಹಾಲಿಂಗಪುರ. ನೆರೆಯ ಮುಧೋಳವೇ ಹತ್ತನೆಯ ಶತಮಾನದ ಕವಿ ರನ್ನನ ಸೀಮೆ. ಬಳೆಗಾರರ ಕುಲದಲ್ಲಿ ಹುಟ್ಟಿ ಕವಿಚಕ್ರವರ್ತಿಯಾದ ಆತನು ೯೯೩ರಲ್ಲಿ ಮುಗಿಸಿದ ‘ಅಜಿತಪುರಾಣ’ವನ್ನೂ, ಆತನದೇ ‘ಗದಾಯುದ್ಧ’ವನ್ನೂ ಕಾಲೇಜಿನ ಹುಡುಗರ ಮುಂದೆ ಬಿಡಿಸಿಡುತ್ತ, “ಸಾವಿರ ವರುಷದ ಹಿಂದಿನ ಮಾತು ಇನ್ನೂ ಉಸಿರಾಡುತ್ತಿದೆ, ನೋಡಿ” ಎಂದು ವರುಷಕ್ಕೊಮ್ಮೆಯಾದರೂ ಗದ್ಗದನಾಗುವುದು ನನ್ನ ವಾಡಿಕೆ. ಹುಡುಗರು ನಂಬುತ್ತಾರೋ ಇಲ್ಲವೋ ತಿಳಿಯದು. ಆದರೆ ಅದೇ ಸಾಯಂಕಾಲ ಮನೆಯಲ್ಲಿ ಐವತ್ತು ವರುಷದ ಹಿತ್ತಾಳೆಯ ತಂಬಿಗೆಯೊಂದು ಕಾಲಿಗೆ ತೊಡರಿದರೆ, “ಈ ಹಳೆಯ ಸಾಮಾನು ಯಾರಿಗೆ ಬೇಕು!” ಎಂದು ಸಿಡುಕುತ್ತಿದ್ದವನೂ ನಾನೇ.

ಈ ಎರಡು ನಾಲಗೆಯ ಬಾಳಿಗೆ ತಕ್ಕ ಪಾಠವನ್ನು ನನಗೆ ಕಲಿಸಿದ್ದು ನಮ್ಮ ಹಬ್ಬವಲ್ಲ, ಕ್ರಿಸ್‌ಮಸ್ ಹಬ್ಬ. ಅದನ್ನು ಹೇಳುವ ಮುನ್ನ ನನ್ನ ಅಪರಾಧವನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮದು ಹಳೆಯ ಕಾಲದ ಮನೆ. ನಮ್ಮ ಕಡೆಯ ಒಕ್ಕಲುತನದ ಮನೆಗಳನ್ನು ಬಲ್ಲವರಿಗೆ ಅದರ ಕಟ್ಟಣೆಯನ್ನು ವಿವರಿಸಬೇಕಾಗಿಲ್ಲ. ತಲೆಬಾಗಿಲು ದಾಟಿದೊಡನೆ ದನ ಕಟ್ಟುವ ಅಂಕಣ. ಅದರಾಚೆ ಎದೆಮಟ್ಟದ ಪಡಸಾಲೆ. ಪಡಸಾಲೆಯ ಅಂಚಿಗೆ ಉದ್ದಕ್ಕೂ ಗೋದಲಿ. ಮನೆಯವರು ಪಡಸಾಲೆಯಲ್ಲಿ ಕುಳಿತು ಉಂಡರೆ, ಎತ್ತುಗಳು ಗೋದಲಿಯಲ್ಲಿ ಮೂತಿಯಿಟ್ಟು ಮೇಯುತ್ತಿದ್ದವು. ಒಂದೇ ಮಾಡಿನ ಕೆಳಗೆ, ಎದುರುಬದುರಾಗಿ, ಎರಡು ಪಂಕ್ತಿಯ ಊಟ! ದೀಪಾವಳಿಯ ಪಾಡ್ಯದಂದು ಅವ್ವ ಸೆಗಣಿಯಿಂದ ಪಾಂಡವರನ್ನು ಮಾಡಿ, ಉತ್ತರಾಣಿಯ ಕಡ್ಡಿಯನ್ನೂ ಹೂವನ್ನೂ ಸಿಕ್ಕಿಸಿ, ಹೊಸ್ತಿಲ ಮೇಲಿಟ್ಟಂತೆಯೇ ಗೋದಲಿಯ ಅಂಚಿನ ಮೇಲೂ ಇಡುತ್ತಿದ್ದಳು. ತಲೆಬಾಗಿಲಿಗೆ ತಾನು ಮದುವೆಗೆ ಮುಂಚೆ ಪೋಣಿಸಿದ ಮಣಿಯ ತೋರಣವನ್ನು ಕಟ್ಟುತ್ತಿದ್ದಳು. ನಡುವೆ ಕೆಂಪು ಮಣಿಗಳಲ್ಲಿ ‘ಸುಸ್ವಾಗತ’ ಎಂದಿತ್ತು. ಆದರೆ ‘ಸ್ವಾ’ಕ್ಕೆ ವಕಾರದ ಒತ್ತೇ ಇರಲಿಲ್ಲ. ಎಂ. ಎ. ಮುಗಿಸಿ ಬಂದ ವರುಷ ನಾನು ಆ ತಪ್ಪನ್ನು ಎತ್ತಿ ಆಡಿದೆ. “ಬರೂವ್ರು ಅದನ್ನ ಓದಿ ಒಳಗ ಬರತಾರೇನೋ? ಮಾರಿ ನೋಡಿ ಬರತಾರ” ಎಂದು ಅವ್ವ ನಕ್ಕಳು.

ಅವ್ವ ೨೦೨೦ರಲ್ಲಿ ತೀರಿಕೊಂಡಳು. ಎತ್ತುಗಳು ಅದಕ್ಕೂ ಮೊದಲೇ ಹೋಗಿ, ಇದ್ದೊಂದು ಜೋಡಿ ಹೊಲದ ಮನೆಯಲ್ಲಿತ್ತು. ೨೦೨೨ರ ಬೇಸಿಗೆ ರಜೆಯಲ್ಲಿ ನಾನು ಮನೆಯನ್ನು ಹೊಸದು ಮಾಡಿಸಲು ಹೊರಟೆ. ದನದ ಅಂಕಣಕ್ಕೆ ನುಣುಪಾದ ಬಿಲ್ಲೆಗಳನ್ನು ಹಾಸಿ ಮೋಟಾರು ಸೈಕಲ್ಲಿಗೆ ಜಾಗ ಮಾಡಿಸಿದೆ. ಗೋದಲಿಯನ್ನು ಕೀಳಿಸಿದೆ. ಅಟ್ಟದ ಮೇಲಿನ ಕಂದೀಲು, ಬಿರಿದ ತೊಟ್ಟಿಲು, ಗಂಗಾಳಗಳು, ತುಕ್ಕುಹಿಡಿದ ಡಬ್ಬಿಗಳು ಎಲ್ಲವನ್ನೂ ಹಳೆಯ ಸಾಮಾನು ಕೊಳ್ಳುವವನು ತೂಕ ಮಾಡಿ ಒಯ್ದನು. ಮಣಿಯ ತೋರಣ ಯಾವ ಡಬ್ಬಿಯಲ್ಲಿತ್ತೋ, ಆ ಡಬ್ಬಿಯೊಡನೆ ಅದೂ ಹೋಯಿತು. ಕೈಗೆ ಬಂದ ಹಣದಲ್ಲಿ ಗೋಡೆಗೆ ಎರಡು ಚಿತ್ರಪಟ ತಂದು ಹಾಕಿದೆ: ಒಂದರಲ್ಲಿ ಜಲಪಾತ, ಇನ್ನೊಂದರಲ್ಲಿ ಸೂರ್ಯಾಸ್ತ. ಎರಡೂ ಯಾವ ದೇಶದವೆಂಬುದು ನನಗೆ ಇಂದಿಗೂ ತಿಳಿದಿಲ್ಲ.

ಅಪ್ಪ ಏನೂ ಅನ್ನಲಿಲ್ಲ. “ನಿನಗ ಅನುಕೂಲ ಆದ್ರ ಆತು” ಎಂದನು. ಅಂದು ಸಂಜೆಯೇ ಹೊಲದ ಮನೆಗೆ ಹೋದವನು ಮೂರು ದಿನ ಊರಕಡೆ ಮೋರೆ ಹಾಕಲಿಲ್ಲ. ಸಿಮೆಂಟಿನ ಧೂಳಿಗೆ ಬೇಸತ್ತು ಹೋಗಿರಬೇಕೆಂದು ನಾನು ತಿಳಿದೆ. ವಿದ್ಯಾವಂತರಿಗೆ ಇಂಥ ಸಮಾಧಾನಗಳು ಬಲು ಬೇಗ ಹೊಳೆಯುತ್ತವೆ.

ಇನ್ನು ಕ್ರಿಸ್‌ಮಸ್ಸಿನ ಮಾತು. ನಮ್ಮ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಮಿತ್ರರೊಬ್ಬರಿದ್ದಾರೆ. ಗುಳೇದಗುಡ್ಡದವರು, ಹಲವು ತಲೆಮಾರಿನ ಕ್ರೈಸ್ತ ನೇಕಾರರ ಮನೆತನದವರು. ೨೦೨೪ರ ಮಳೆಗಾಲದಲ್ಲಿ ಅವರ ತಂದೆ ತೀರಿಕೊಂಡರು. ಡಿಸೆಂಬರದಲ್ಲಿ ಅವರು, “ಈ ವರ್ಸ ಹಬ್ಬ ಸಣ್ಣದು. ಆದ್ರ ನೀವು ಬರಬೇಕು. ಮನ್ಯಾಗ ಮಂದಿ ಇದ್ರ ಅವ್ವಗ ಚಲೋ ಅನಸ್ತೈತಿ” ಎಂದು ಕರೆದರು. ಇಪ್ಪತ್ನಾಲ್ಕನೆಯ ತಾರೀಖು ನಮ್ಮ ಪೇಟೆಯ ಬೆಲ್ಲದ ಪೆಂಟೆಯೊಂದನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಮಹಾಲಿಂಗಪುರದವನು ಬರಿಗೈಯಲ್ಲಿ ಹೋದರೂ ಬೆಲ್ಲವಿಲ್ಲದೆ ಹೋಗಲಾರನು. ಗಾಣದ ಹಂಗಾಮು, ದಾರಿಯುದ್ದಕ್ಕೂ ಕಬ್ಬಿನ ಹಾಲು ಕುದಿಯುವ ವಾಸನೆ. ಮುಧೋಳ, ಲೋಕಾಪುರ, ಕಲಾದಗಿಗಳನ್ನು ದಾಟಿ, ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿ, ಕೆಂಪು ಮರಳುಗಲ್ಲಿನ ಗುಡ್ಡಗಳ ಬುಡದ ಆ ನೇಕಾರರ ಊರನ್ನು ಸೇರಿದಾಗ ಹೊತ್ತು ಇಳಿದಿತ್ತು.

ಗುಳೇದಗುಡ್ಡವೆಂದರೆ ನಮ್ಮ ಹೆಣ್ಣುಮಕ್ಕಳಿಗೆ ಖಣ, ಕುಪ್ಪಸದ ಖಣ. ಅದೇ ಊರಿಗೆ ಇನ್ನೊಂದು ಚರಿತ್ರೆಯೂ ಉಂಟು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ ಸಂಸ್ಥೆಯ ಮೊದಲ ಮೂವರು ಪಾದ್ರಿಗಳು ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದರು. ಘಟ್ಟವನ್ನೇರಿ ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಬೆಟಗೇರಿ, ೧೮೫೧ರಲ್ಲಿ ಗುಳೇದಗುಡ್ಡ; ಹೀಗೆ ನಮ್ಮ ಬಯಲುಸೀಮೆಯಲ್ಲಿ ಅವರು ನೆಲೆಗಳನ್ನು ಹೂಡಿದರು. ಕನ್ನಡ ಓದಿದವರು ಅವರನ್ನು ಇನ್ನೊಂದು ಕಾರಣಕ್ಕೂ ನೆನೆಯಬೇಕು. ೧೮೫೩ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಈ ಸಂಸ್ಥೆಯವರೇ. ಕ್ರಿಸ್ತನ ಕಥೆಯನ್ನು ನಮ್ಮದೇ ಛಂದಸ್ಸಿನಲ್ಲಿ ‘ಕಥಾಮಾಲೆ’ಯೆಂದು ೧೮೬೨ರಲ್ಲಿ ಹಾಡಿದವರು; ೧೮೯೪ರಲ್ಲಿ ಅಚ್ಚಾದ ಮಹಾನಿಘಂಟಿನಲ್ಲಿ ನಮ್ಮ ಹೊಲಮನೆಗಳ ಮಾತುಗಳನ್ನು ಕಾಳು ಕಾಳಾಗಿ ಕೂಡಿಟ್ಟವರು. ಎಲ್ಲಿಂದಲೋ ಬಂದವರು ನಮ್ಮ ಮಾತುಗಳನ್ನು ಕೂಡಿಟ್ಟರು. ಇಲ್ಲಿಯೇ ಹುಟ್ಟಿದ ನಾನು ಅವ್ವನ ಡಬ್ಬಿಯನ್ನು ತೂಕಕ್ಕೆ ಹಾಕಿದೆ! ಈ ಯೋಚನೆ ಆಗ ಬಂದುದಲ್ಲ. ಮರುದಿನ ಹಿಂತಿರುಗುವಾಗ ಬಂದುದು.

ಮಿತ್ರರ ಮನೆಯ ಪಡಸಾಲೆಯಲ್ಲಿ ಹೊಸತೊಂದು ಪ್ಲಾಸ್ಟಿಕ್ಕಿನ ಗಿಡ ನಿಂತಿತ್ತು. ಬಾಗಲಕೋಟೆಯ ಅಂಗಡಿಯಿಂದ ತಂದದ್ದು. ಅದರ ತುಂಬ ಮಿನುಗುವ ದೀಪಗಳ ಸರ. “ಹಳೇ ಪೆಟಿಗಿ ತಗದ್ರ ಅವ್ವಗ ಅಪ್ಪನ ನೆಪ್ಪಾಗತೈತಿ. ಅದಕ್ಕ ಈ ಸಲ ಎಲ್ಲಾ ಹೊಸಾದು ತಂದೀನಿ” ಎಂದು ಮಿತ್ರರು ಮೆಲ್ಲನೆ ನನ್ನ ಕಿವಿಯಲ್ಲಿ ಹೇಳಿದರು. ಅವರ ತಾಯಿ, ಎಪ್ಪತ್ತು ದಾಟಿದವರು, ಮೂಲೆಯಲ್ಲಿ ಕುಳಿತು ಆ ಗಿಡವನ್ನು ನೋಡುತ್ತಿದ್ದರು. ನನ್ನನ್ನು ಕಂಡು, “ಬರ್ರಿ ಮಾಸ್ತರ, ಬರ್ರಿ. ನೋಡ್ರಿ, ನಮ್ಮ ಹುಡಗ ಎಷ್ಟ ಚಂದ ಗಿಡಾ ತಂದಾನ” ಎಂದರು. ಆ ಹೊಗಳಿಕೆಯ ದನಿಯನ್ನು ನಾನು ಎಲ್ಲಿಯೋ ಕೇಳಿದ್ದೆ. “ನಿನಗ ಅನುಕೂಲ ಆದ್ರ ಆತು” ಎಂದ ಅಪ್ಪನ ದನಿ ಅದು. ಎದೆಯಲ್ಲಿ ಏನೋ ಸಣ್ಣಗೆ ಚುಚ್ಚಿತು.

ಗಂಟನ್ನು ಬಿಚ್ಚಿದವಳು ಮಿತ್ರರ ಎಂಟು ವರುಷದ ಮಗಳು. ಶಾಲೆಯ ಗೆಳತಿಯ ಮನೆಯಿಂದ ಓಡಿ ಬಂದವಳು ಗಿಡವನ್ನು ಒಂದು ಸುತ್ತು ಬಂದು, ಮೇಲೆ ಕೆಳಗೆ ನೋಡಿ, “ಅಜ್ಜನ ಚುಕ್ಕಿ ಎಲ್ಲಿ?” ಎಂದು ಕೇಳಿದಳು. ಯಾರೂ ಮಾತಾಡಲಿಲ್ಲ. “ಆಯಿ, ಅಜ್ಜನ ಚುಕ್ಕಿ ಎಲ್ಲಿ ಐತಿ?” ಎಂದು ಅಜ್ಜಿಯ ಕೈಹಿಡಿದು ಜಗ್ಗಿದಳು. ಆ ತಾಯಿ ಮಗನ ಮೋರೆಯನ್ನು ನೋಡಿದರು. ಮಗ ತಾಯಿಯ ಮೋರೆಯನ್ನು ನೋಡಿದರು. “ಅಟ್ಟದ ಮ್ಯಾಲೈತಿ. ನಿಮ್ಮಪ್ಪಗ ಇಳಸಾಕ ಹೇಳು” ಎಂದರು ತಾಯಿ. ಮಿತ್ರರು ಮರುಮಾತಿಲ್ಲದೆ ಏಣಿಯನ್ನು ತಂದರು. ನಾನು ಕೆಳಗೆ ನಿಂತು ಏಣಿ ಹಿಡಿದೆ. ಹಾಗೆ ಇಳಿದು ಬಂತು, ಹಸಿರು ಬಣ್ಣ ಮಾಸಿದ ಒಂದು ತಗಡಿನ ಪೆಟ್ಟಿಗೆ.

ಆ ಪೆಟ್ಟಿಗೆಯಲ್ಲಿ ಬೆಲೆಬಾಳುವ ವಸ್ತು ಒಂದೂ ಇರಲಿಲ್ಲ. ಸಂತೆಯಲ್ಲಿಟ್ಟರೆ ಯಾರೂ ಎರಡನೆಯ ಸಲ ತಿರುಗಿ ನೋಡರು. ಆದರೆ ಒಂದೊಂದನ್ನು ಹೊರತೆಗೆಯುವಾಗಲೂ ಆ ತಾಯಿ ಹೇಳಿದ ಮಾತು ಕೇಳುತ್ತಿದ್ದರೆ, ಮನೆತನದ ಬಖೈರನ್ನು ಓದಿದಂತಾಗುತ್ತಿತ್ತು.

ಮೊದಲು ಬಂದುದು ಚುಕ್ಕಿ. ಬಿದಿರಿನ ಸೀಳುಗಳನ್ನು ನೂಲಿನಿಂದ ಬಿಗಿದು ಮಾಡಿದ ಐದು ಮೂಲೆಯ ಚೌಕಟ್ಟು. ಇದನ್ನು ಕಟ್ಟಿದವರು ಅವರ ಮಾವನವರು. ಮೂಲೆಗಳನ್ನು ಬಿಗಿದ ನೂಲು ಅವರ ಮಗ್ಗದ ಹಾಸಿನಲ್ಲಿ ಉಳಿದದ್ದು. ಗಂಟು ನೇಕಾರನ ಗಂಟು, ಇಂದಿಗೂ ಸಡಿಲಾಗಿಲ್ಲ. ಮೇಲಿನ ಬಣ್ಣದ ಹಾಳೆ ಮಾತ್ರ ವರುಷ ವರುಷ ಹೊಸದು. ಒಳಗಿನ ಬೆಳಕು ಮೊದಲು ಎಣ್ಣೆಯ ದೀಪ. ಮುಂದೆ ಮೇಣದ ಬತ್ತಿ, ಅದರಿಂದ ಒಮ್ಮೆ ಹಾಳೆಗೆ ಬೆಂಕಿ ಹತ್ತಿದ್ದೂ ಉಂಟು. ಆಮೇಲೆ ವಿದ್ಯುತ್ತಿನ ಬಲ್ಬು. ಜರ್ಮನಿಯ ಮೊರಾವಿಯನ್ ಪಂಗಡದವರ ಶಾಲೆಯೊಂದರಲ್ಲಿ ೧೯ನೆಯ ಶತಮಾನದಲ್ಲಿ ಮಕ್ಕಳಿಗೆ ರೇಖಾಗಣಿತವನ್ನು ಕಲಿಸಲು ಮಾಡಿಸಿದ ಕಾಗದದ ನಕ್ಷತ್ರವು ಮುಂದೆ ಹಬ್ಬದ ನಕ್ಷತ್ರವಾಗಿ ಲೋಕವನ್ನೆಲ್ಲ ಸುತ್ತಿತೆಂದು ಓದಿದ್ದೆ. ಗುಳೇದಗುಡ್ಡದ ಈ ಚುಕ್ಕಿಗೆ ರೇಖಾಗಣಿತದ ಹಂಗಿಲ್ಲ. ಅದರ ಒಂದು ಮೂಲೆ ಉಳಿದವಕ್ಕಿಂತ ಗಿಡ್ಡ. “ಅದು ಮಾವನವರ ಕಣ್ಣಿಗಿ ಪರದೆ ಬಂದ ವರ್ಸ ಮುರದು ಮತ್ತ ಕಟ್ಟಿದ್ದು. ಸರಿ ಮಾಡೂಣು ಅಂದ್ರ ನಮ್ಮವರು ಬ್ಯಾಡ ಅಂದ್ರು” ಎಂದರು ತಾಯಿ.

ಎರಡನೆಯದು ಖಣದ ತೋರಣ. ಉಡಿ ತುಂಬುವಾಗ ಖಣವನ್ನು ಮುಕ್ಕೋನೆಯಾಗಿ ಮಡಿಸುತ್ತಾರಲ್ಲವೆ, ಹಾಗೆ ಮಡಿಸಿದ ಹನ್ನೊಂದು ಖಣದ ತುಂಡುಗಳನ್ನು ದಾರಕ್ಕೆ ಹೊಲಿದು ತೋರಣ ಮಾಡಿದ್ದರು. ಬಣ್ಣಗಳು ಮಾಸಿದ್ದವು, ಅಂಚಿನ ಕೆಂಪು ಮಾತ್ರ ಹಾಗೇ ಇತ್ತು. ಮದುವೆ, ಚೊಚ್ಚಲು ಬಾಣಂತನ, ನಾದಿನಿಯ ಮದುವೆ, ಒಂದೊಂದು ತುಂಡಿಗೂ ಒಂದೊಂದು ಸಂದರ್ಭ. ಕೊನೆಯ ತುಂಡು ಅವರ ಯಜಮಾನರು ಮಗ್ಗದಿಂದ ಇಳಿಸಿದ ಕಟ್ಟಕಡೆಯ ಖಣದ್ದು. ಅದನ್ನು ಮುಟ್ಟಿದಾಗ ಅವರ ಬೆರಳು ಒಂದು ಗಳಿಗೆ ಅಲ್ಲಿಯೇ ನಿಂತಿತು. ಮಗ ಮೋರೆಯನ್ನು ತಿರುಗಿಸಿಕೊಂಡರು. ಆದರೆ ತಾಯಿ ಅಳಲಿಲ್ಲ. “ಇದನ್ನ ಬಾಗಲಕ್ಕ ಕಟ್ಟು” ಎಂದು ಸೊಸೆಯ ಕೈಗೆ ಕೊಟ್ಟರು.

ಮೂರನೆಯದು, ಹಳೆಯ ‘ಸಂಯುಕ್ತ ಕರ್ನಾಟಕ’ದ ಹಾಳೆಯಲ್ಲಿ ಸುತ್ತಿದ ಮೂರು ಗಾಜಿನ ಗುಂಡುಗಳು. ಬೆಳ್ಳಿಯ ಬಣ್ಣ ಒಳಗಿಂದ ಚಕ್ಕೆಯೆದ್ದು, ಮುದುಕರ ಕಣ್ಣಿನಂತೆ ಮಬ್ಬಾಗಿದ್ದವು. ಬೆಟಗೇರಿಯ ಜರ್ಮನ್ ದವಾಖಾನೆಯಲ್ಲಿ ದಾದಿಯಾಗಿದ್ದ ಅವರ ತಾಯಿಗೆ ಒಂದು ಹಬ್ಬದಲ್ಲಿ ಉಡುಗೊರೆಯಾಗಿ ಬಂದವು. ಆರು ಇದ್ದವಂತೆ, ಮೂರನ್ನು ಮಕ್ಕಳು ಒಡೆದರು. ಯಾವ ಮಗು ಯಾವುದನ್ನು ಒಡೆಯಿತೆಂಬ ಲೆಕ್ಕವೂ ಆ ತಾಯಿಗೆ ಬಾಯಿಪಾಠ. ಇಂಥ ಗುಂಡುಗಳ ತವರು ಜರ್ಮನಿಯ ತುರಿಂಗಿಯಾ ಪ್ರಾಂತದ ಲೌಶಾ ಎಂಬ ಸಣ್ಣ ಊರು. ೧೯ನೆಯ ಶತಮಾನದಲ್ಲಿ ಅಲ್ಲಿ ಮನೆಮನೆಯಲ್ಲಿಯೂ ಗಂಡ ಗಾಜನ್ನು ಊದಿದರೆ ಹೆಂಡತಿ ಮಕ್ಕಳು ಬಣ್ಣ ಹಚ್ಚುತ್ತಿದ್ದರು. ಗುಳೇದಗುಡ್ಡದಲ್ಲಿ ಗಂಡ ಮಗ್ಗದ ಕುಣಿಗಿಳಿದರೆ ಹೆಂಡತಿ ಮಕ್ಕಳು ಕಂಡಿಕೆ ಸುತ್ತುವಂತೆಯೇ! ಗಾಜಿನ ನೇಕಾರರ ಊರಿನ ಗುಂಡು ನೂಲಿನ ನೇಕಾರರ ಊರಿಗೆ ಬಂದು ಸೇರಿತೋ ಏನೋ ಎಂದುಕೊಂಡೆ.

ಇವನ್ನು ತೂಗಹಾಕುವುದು ಯಾವ ಗಿಡಕ್ಕೆ? ಕ್ರಿಸ್‌ಮಸ್ಸಿನ ಗಿಡವೂ ಜರ್ಮನರ ವಾಡಿಕೆಯೇ. ವಿಕ್ಟೋರಿಯಾ ರಾಣಿಯ ಮನೆಮಂದಿ ಅಂಥ ಗಿಡದ ಸುತ್ತ ನಿಂತ ಚಿತ್ರ ೧೮೪೮ರಲ್ಲಿ ಲಂಡನ್ನಿನ ಒಂದು ಸಚಿತ್ರ ವಾರಪತ್ರಿಕೆಯಲ್ಲಿ ಅಚ್ಚಾದ ಮೇಲೆ ಇಂಗ್ಲೆಂಡಿನ ಮನೆಗಳಲ್ಲಿ ಅದು ಬೇರೂರಿತು. ಆ ಗಿಡ ಶೀತದೇಶದ್ದು. ಮರಳುಗಲ್ಲಿನ ನಾಡಿನ ಈ ಮನೆಯವರು ಮೊದಲಿನಿಂದಲೂ ತರುತ್ತಿದ್ದುದು ಹೊಲದ ಬದುವಿನ ಜಾಲಿಯ ಟೊಂಗೆ! ಅದರ ಮುಳ್ಳು ಮುಳ್ಳಿಗೂ ಹತ್ತಿಯ ಎಳೆಯನ್ನು ಸಿಕ್ಕಿಸಿದರೆ ಅದೇ ಹಿಮ. ಹಿಮವನ್ನು ಕಂಡರಿಯದ ಎರೆಹೊಲದ ಮಕ್ಕಳಿಗೆ ಹತ್ತಿಗಿಂತ ಒಳ್ಳೆಯ ಹಿಮ ಎಲ್ಲಿ ಸಿಕ್ಕೀತು? ಕತ್ತಲೆಯಲ್ಲಿಯೇ ಮಿತ್ರರು ಹೋಗಿ ಒಂದು ಟೊಂಗೆಯನ್ನು ಕಡಿದು ತಂದರು. ಪ್ಲಾಸ್ಟಿಕ್ಕಿನ ಗಿಡವನ್ನೇನೂ ಹೊರಗೆ ಹಾಕಲಿಲ್ಲ. ಆ ತಾಯಿಯೇ, “ಮಗ ತಂದದ್ದು, ಇರಲಿ. ಮುಂದಿನ ವರ್ಸ ಅದೂ ಹಳೇದಾಗತೈತಿ” ಎಂದು ಅದನ್ನು ಕಿಟಕಿಯ ಬಳಿ ಇರಿಸಿದರು. ಹೊಸ ದೀಪದ ಸರವನ್ನು ಬಿಚ್ಚಿ ಹಳೆಯ ಚುಕ್ಕಿಯೊಳಗೆ ಸುತ್ತಿಸಿದರು. ಚುಕ್ಕಿ ಹಿಂದೆಂದಿಗಿಂತ ಪ್ರಕಾಶವಾಗಿ ಬೆಳಗಿತೆಂದು ಮನೆಯವರೆಲ್ಲ ಒಪ್ಪಿದರು. ಹಳೆಯದನ್ನು ಇಟ್ಟುಕೊಳ್ಳುವುದೆಂದರೆ ಹೊಸದಕ್ಕೆ ಬಾಗಿಲು ಹಾಕುವುದೆಂದು ನಾನು ತಿಳಿದಿದ್ದೆ. ಹಾಗಲ್ಲವೆಂಬುದು ಅಂದು ತಿಳಿಯಿತು. ಎಣ್ಣೆಯ ದೀಪವನ್ನೂ ಬತ್ತಿಯನ್ನೂ ಬಲ್ಬನ್ನೂ ನುಂಗಿದ ಚುಕ್ಕಿ ಇದನ್ನೂ ನುಂಗಿಕೊಂಡಿತು. ಚೌಕಟ್ಟು ಮಾತ್ರ ಅದೇ.

ಪೆಟ್ಟಿಗೆಯ ತಳದಲ್ಲಿ ಒಂದು ಸಣ್ಣ ಕೌದಿ. ಅದನ್ನು ಬಿಡಿಸಿದರೆ ಒಳಗೆ ಒಂದು ಜೋಡಿ ಮಣ್ಣೆತ್ತು, ಒಂದು ಮರದ ಪುಟ್ಟ ಗೋದಲಿ. ಎತ್ತುಗಳು ಕುಂಬಾರರು ಮಣ್ಣೆತ್ತಿನ ಅಮಾವಾಸ್ಯೆಗೆಂದು ಮಾಡಿ ಮಾರುವಂಥವೇ. ಜೇಷ್ಠದ ಆ ಅಮಾವಾಸ್ಯೆಯಂದು ಒಕ್ಕಲಿಗರ ಮನೆಯಲ್ಲಿ ಪೂಜೆಗೊಳ್ಳುವ ಎತ್ತು, ಆರು ತಿಂಗಳು ಕಳೆದು ಕ್ರೈಸ್ತರ ಮನೆಯಲ್ಲಿ ಕ್ರಿಸ್ತಶಿಶುವಿನ ಬಳಿ ನಿಲ್ಲುತ್ತದೆ! ಇಟಲಿಯ ಗ್ರೆಚ್ಚಿಯೋ ಎಂಬ ಹಳ್ಳಿಯಲ್ಲಿ ೧೨೨೩ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸನು ನಿಜವಾದ ಎತ್ತು ಕತ್ತೆಗಳನ್ನು ತಂದು ನಿಲ್ಲಿಸಿ, ಗೋದಲಿಯ ದೃಶ್ಯವನ್ನು ಹೂಡಿದಂದಿನಿಂದ ಈ ಪದ್ಧತಿ ಹಬ್ಬಿತೆನ್ನುತ್ತಾರೆ. ಇದು ಹೆಚ್ಚಾಗಿ ಕ್ಯಾಥೊಲಿಕರ ಮನೆಗಳಲ್ಲಿ ಬೆಳೆದ ಪದ್ಧತಿಯಾದರೂ ಈ ಮನೆಯವರಿಗೆ ಆ ಭೇದ ಅಡ್ಡಬಂದಿರಲಿಲ್ಲ. ಲೂಕನ ಸುವಾರ್ತೆಯಲ್ಲಿ ಎತ್ತಿನ ಮಾತಿಲ್ಲ. ಇರುವುದು ಗೋದಲಿ ಮಾತ್ರ. ಕನ್ನಡ ಬೈಬಲ್ಲಿನಲ್ಲಿ ಶಿಶು ಮಲಗಿದ್ದು ‘ಗೋದಲಿ’ಯಲ್ಲಿ. ಎಷ್ಟೋ ಸಲ ಕಂಡ ಮಾತು. ಆದರೆ ಆ ರಾತ್ರಿ ಅದು ನನ್ನ ಕಿವಿಯಲ್ಲಿ ಬೇರೆಯಾಗಿ ಕೇಳಿಸಿತು. ನಾನು ಕೀಳಿಸಿದ್ದು ಇದೇ ಅಲ್ಲವೆ?

“ಕೂಸು ಎಲ್ಲಿ?” ಎಂದು ಹುಡುಗಿ ಕೇಳಿದಳು. ಆ ತಾಯಿ ಸೆರಗಿನ ಗಂಟನ್ನು ಬಿಚ್ಚಿ ತೋರಿಸಿದರು. ಬೆರಳುದ್ದದ ಒಂದು ಮರದ ಬೊಂಬೆ; ಕೈಕಾಲುಗಳ ಸುಳಿವಷ್ಟೇ. ಮಾವನವರು ಮುರಿದ ಲಾಳಿಯ ತುಂಡಿನಲ್ಲಿ ಕೆತ್ತಿದ್ದಂತೆ. ಸಾವಿರಾರು ಗಜ ಖಣದ ನಡುವೆ ಹಾಯ್ದ ಲಾಳಿ. ಸವೆದು ಸವೆದು ಹಾಲಿನ ಕೆನೆಯಂತೆ ನುಣುಪು. ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದರೂ ಕೂಸನ್ನು ಮಾತ್ರ ಯಜಮಾನರು ತಮ್ಮ ಬಳಿಯೇ ಇಟ್ಟುಕೊಳ್ಳುತ್ತಿದ್ದರು. ಹಬ್ಬದ ಬೆಳಿಗ್ಗೆ ಆರಾಧನೆಗೆ ಹೊರಡುವ ಮುನ್ನ ಅದನ್ನು ಗೋದಲಿಯಲ್ಲಿ ಮಲಗಿಸುವ ಹಕ್ಕು ಮನೆಯ ಹಿರಿಯರದು. ಮಳೆಗಾಲದಿಂದ ಅದು ತಾಯಿಯ ಸೆರಗಿನಲ್ಲಿತ್ತು. ಮಗನಿಗೆ ಗೊತ್ತೇ ಇರಲಿಲ್ಲ.

ಊಟದ ಹೊತ್ತಿಗೆ ನಾನು ತಂದ ಬೆಲ್ಲ ಕರಚಿಕಾಯಿಯ ಹೂರಣವಾಗಿತ್ತು. ಕರಚಿಕಾಯಿಯನ್ನು ನನ್ನ ತಾಟಿಗೆ ಬಡಿಸುತ್ತ ಆ ತಾಯಿ ಸಹಜವಾಗಿ ಕೇಳಿದರು: “ಮಾಸ್ತರ, ನಿಮ್ಮ ಅವ್ವಾರು ಹೋಗಿ ಎಷ್ಟ ವರ್ಸ ಆತು?”

“ನಾಕು ವರ್ಸ ಆತ್ರಿ, ಅವ್ವಾರ.”

“ಅವರದು ಏನೇನ್ ಇಟ್ಟುಕೊಂಡೀರಿ?”

ಕೇಳಿದ್ದರಲ್ಲಿ ಕೊಂಕಿರಲಿಲ್ಲ. ಮನೆ ಎಂದ ಮೇಲೆ ಏನಾದರೂ ಇಟ್ಟುಕೊಂಡೇ ಇರುತ್ತಾರೆಂಬ ನಂಬಿಕೆಯಿಂದ ಕೇಳಿದ ಮಾತು ಅದು. ನಾನು ತಾಟಿನಲ್ಲಿಯ ಕರಚಿಕಾಯಿಯನ್ನು ಮುರಿಯುತ್ತ ಕುಳಿತೆ. ‘ಸ್ವಾ’ದಲ್ಲಿ ಒತ್ತಿಲ್ಲದ ಆ ತೋರಣ ಕಣ್ಣ ಮುಂದೆ ತೂಗಾಡಿತು. “ಒಂದು ಫೋಟೋ ಐತ್ರಿ” ಎಂದೆ. ಅವರು ನನ್ನ ಮೋರೆಯನ್ನು ಒಂದು ಸಲ ನೋಡಿದರು. ಮತ್ತೆ ಕೇಳಲಿಲ್ಲ. ಇನ್ನೊಂದು ಕರಚಿಕಾಯಿ ಬಡಿಸಿದರು.

ಮರುದಿನ ನಸುಕಿನಲ್ಲಿ ಎಚ್ಚರವಾದಾಗ ಪಡಸಾಲೆಯಲ್ಲಿ ಚುಕ್ಕಿ ಇನ್ನೂ ಬೆಳಗುತ್ತಿತ್ತು. ಆ ತಾಯಿ ಸ್ನಾನ ಮುಗಿಸಿ, ಹೊಸ ಸೀರೆಯುಟ್ಟು, ಮೊಮ್ಮಗಳ ಕೈಹಿಡಿದು ಗೋದಲಿಯ ಮುಂದೆ ನಿಂತಿದ್ದರು. ಹುಲ್ಲಿನ ಮೇಲೆ ಲಾಳಿಯ ಕೂಸನ್ನು ಮಲಗಿಸಿದರು. ಕೈ ನಡುಗಿತು, ಎತ್ತಿನ ಕೋಡಿಗೆ ತಗಲಿ ಕೂಸು ಓರೆಯಾಯಿತು. ಹುಡುಗಿ ಅದನ್ನು ನೆಟ್ಟಗೆ ಮಾಡಿದಳು. “ಇಷ್ಟ ದಿವಸ ಅವರು ಇಡತಿದ್ರು. ಈಗ ನಾ ಇಟ್ಟೀನಿ. ಮುಂದ ನೀ ಇಡತಿ. ಅಷ್ಟ” ಎಂದರು ಅಜ್ಜಿ. ಹಿಂದೆ ನಿಂತಿದ್ದ ಮಿತ್ರರು ಆಗ ಅತ್ತರು. ತಂದೆ ತೀರಿಕೊಂಡಾಗಲೂ ಅಳದವರೆಂದು ಅವರ ಮನೆಯವರು ಆಮೇಲೆ ಹೇಳಿದರು. ತಾಯಿಗೆ ನೆನಪಾಗದಿರಲೆಂದು ಹೊಸ ಗಿಡ ತಂದಿದ್ದರಲ್ಲವೆ? ನೆನಪಾಗಬಾರದಾಗಿದ್ದುದು ತಮಗೇ ಎಂದು ಬಸ್‌ನಿಲ್ದಾಣದಲ್ಲಿ ಅವರೇ ನನ್ನೊಡನೆ ಒಪ್ಪಿಕೊಂಡರು.

ಕ್ರಿಸ್‌ಮಸ್ ಕಳೆದ ಐದನೆಯ ದಿನ, ಡಿಸೆಂಬರ ೩೦, ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಅಂದು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ನನ್ನ ಹೆಂಡತಿ ಸಜ್ಜೆಯ ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ, ಶೇಂಗಾ ಹೋಳಿಗೆಗಳ ಬುಟ್ಟಿಯನ್ನು ಹೊತ್ತಳು. ದಾರಿಯಲ್ಲಿ ನಾನು ಅಪ್ಪನಿಗೆ ಗುಳೇದಗುಡ್ಡದ ಕಥೆಯನ್ನೆಲ್ಲ ಹೇಳಿದೆ: ಚುಕ್ಕಿ, ತೋರಣ, ಮಣ್ಣೆತ್ತು, ಲಾಳಿಯ ಕೂಸು. ಕೊನೆಗೆ ಎರಡು ವರುಷದಿಂದ ಆಡದಿದ್ದ ಮಾತನ್ನೂ ಆಡಿದೆ: “ಅಪ್ಪಾ, ಆ ಗೋದಲಿ ಕೀಳಸಬಾರದಾಗಿತ್ತು.”

ಅಪ್ಪ ಉತ್ತರ ಕೊಡಲಿಲ್ಲ. ಹೊಲದ ಮನೆಯ ಹಿಂದಕ್ಕೆ ಕರ‍್ಕೊಂಡು ಹೋದನು. ಬೇವಿನ ಗಿಡದ ಕೆಳಗೆ ಎತ್ತುಗಳು ಕಣಿಕೆ ಮೇಯುತ್ತಿದ್ದವು. ಅವುಗಳ ಮುಂದೆ ಸಾಲಾಗಿ ಕೂಡಿಸಿದ ಕಲ್ಲುಗಳು. ಅಂಚು ದನಗಳ ಗಂಟಲು ತಿಕ್ಕಿ ತಿಕ್ಕಿ ನುಣುಪಾದ ಕಲ್ಲುಗಳು. ನಮ್ಮ ಮನೆಯ ಗೋದಲಿ! ಆ ಮೂರು ದಿನ ಅಪ್ಪ ಮಾಡಿದ್ದು ಇದನ್ನು. ಕೂಲಿಯವರು ಬೀದಿಗೆ ಎಸೆದ ಕಲ್ಲುಗಳನ್ನು ರಾತ್ರಿ ಬಂಡಿಯಲ್ಲಿ ಹೇರಿಕೊಂಡು ಬಂದು, ತಾನೇ ಕೂಡಿಸಿದ್ದನು. ಈ ಎರಡು ವರುಷದಲ್ಲಿ ನಾನು ಹೊಲಕ್ಕೆ ಎಷ್ಟೋ ಸಲ ಬಂದಿದ್ದೆ. ಇದೇ ಗಿಡದ ನೆರಳಲ್ಲಿ ಕುಳಿತು ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿದ್ದೆ. ಕಂಡಿರಲಿಲ್ಲ.

“ನೀ ಮೋಟರ್‌ಸೈಕಲ್ ನಿಲ್ಲಸಾಕ ಜಾಗಾ ಕೇಳಿದಿ, ಕೊಟ್ಟೆ. ಕಲ್ಲು ಕೇಳಿರಲಿಲ್ಲ” ಎಂದನು ಅಪ್ಪ.

ಅವನ್ನು ಮತ್ತೆ ಮನೆಗೆ ಒಯ್ಯೋಣ, ಪಡಸಾಲೆಯಲ್ಲಿ ಚಂದವಾಗಿ ಇರಿಸೋಣ ಎಂದು ನಾನು ಅಂದುಬಿಟ್ಟೆ. ಅಪ್ಪ ನಕ್ಕನು. “ಗೋದಲಿ ನೋಡಾಕಲ್ಲೋ, ತಮ್ಮಾ. ದನ ತಿನ್ನಾಕ. ಇಲ್ಲೇ ಇರಲಿ.” ಆ ಮಾತಿಗೆ ಎದುರಾಡಲು ನನ್ನಲ್ಲಿ ಏನೂ ಇರಲಿಲ್ಲ. ಗುಳೇದಗುಡ್ಡದ ಪೆಟ್ಟಿಗೆ ಬದುಕಿದ್ದೂ ಅದಕ್ಕಾಗಿಯೇ ಅಲ್ಲವೆ? ಅದರಲ್ಲಿಯ ಒಂದು ವಸ್ತುವೂ ಕಪಾಟಿನ ಗಾಜಿನ ಹಿಂದೆ ಕುಳಿತಿರಲಿಲ್ಲ. ವರುಷಕ್ಕೊಮ್ಮೆ ಇಳಿದು, ಕೈಯಿಂದ ಕೈಗೆ ದಾಟಿ, ತನ್ನ ಕೆಲಸವನ್ನು ಮಾಡಿ, ಮತ್ತೆ ಅಟ್ಟವನ್ನೇರುತ್ತಿತ್ತು.

ಮಣಿಯ ತೋರಣ ಮಾತ್ರ ಹೋದದ್ದು ಹೋಯಿತು. ಅದನ್ನು ಯಾವ ಅಪ್ಪನೂ ಬಂಡಿಯಲ್ಲಿ ಹೇರಿ ತರಲಿಲ್ಲ. ೨೦೨೫ರ ದೀಪಾವಳಿಗೆ ನನ್ನ ಹೆಂಡತಿ ಹೊಸ ಮಣಿಗಳನ್ನು ತಂದು ಇನ್ನೊಂದನ್ನು ಪೋಣಿಸಿದಳು. ‘ಸುಸ್ವಾಗತ’ವನ್ನು ಹೇಗೆ ಬರೆಯಬೇಕೆಂದು ಕನ್ನಡ ಅಧ್ಯಾಪಕನಾದ ನನ್ನನ್ನೇ ಕೇಳಿದಳು. ಕಾಗದದ ಮೇಲೆ ಬರೆದುಕೊಟ್ಟೆ. ‘ಸ್ವಾ’ಕ್ಕೆ ಒತ್ತು ಕೊಡಲಿಲ್ಲ.